ನಾನೇ ಕಟ್ಟಿದ ಮನೆ, ಅಮ್ಮನ ಕತ್ತಲೆ ಕೋಣೆ

ಮಧ್ಯಾಹ್ನ ಮೂರು ಗಂಟೆಗೆ ಅಮ್ಮನ ಕೋಣೆಗೆ ಕಾಫಿ ತಗೊಂಡು ಹೋದೆ. "ಅಪ್ಪಿ, ದೇವರ ದೀಪ ಹಚ್ಚೋ ಹೊತ್ತಾಯ್ತಾ?" ಅಂದಳು. ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ಎದೆ ಧಸಕ್ಕೆಂದಿತು. ಆಮೇಲೆ ತಲೆ ಎತ್ತಿ ನೋಡಿದೆ. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಬೆಳಗ್ಗೆ ಆರಕ್ಕೂ ಅದೇ ಬೆಳಕು, ರಾತ್ರಿ ಒಂಬತ್ತಕ್ಕೂ ಅದೇ. ಆ ಕೋಣೆಯಲ್ಲಿ ಯಾರು ಕೂತರೂ ಹೊತ್ತು ಗೊತ್ತಾಗುತ್ತಿರಲಿಲ್ಲ.

ಆ ಮನೆಯ ಪ್ಲ್ಯಾನ್ ಹಾಕಿದ್ದು ನಾನೇ. ಮನೆ ಪ್ಲ್ಯಾನ್ ಹಾಕುವುದೇ ನನ್ನ ಕಸುಬು. ಬೆಂಗಳೂರಿನ 30×40 ಸೈಟು, ಪೂರ್ವಕ್ಕೆ ಮುಖ. ಕೆಳಗೆ ಮುಂದುಗಡೆ ಎರಡು ಕಾರು, ಹಿಂದೆ ಅಮ್ಮನ ಕೋಣೆ. ಮಂಡಿನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೆಳಗೇ ಕೊಟ್ಟೆ. ಹಿರಿಯರಿಗೆ ನೈಋತ್ಯದ ಕೋಣೆ ಶ್ರೇಷ್ಠ ಅಂತ ವಾಸ್ತುವಿನವರು ಬೇರೆ ಹೇಳಿದ್ದರು. ಪೂರ್ವದ ಮನೆಯಲ್ಲಿ ನೈಋತ್ಯ ಅಂದರೆ ಹಿತ್ತಿಲ ಮೂಲೆ. ಅಲ್ಲಿ ಮೂರಡಿ ಸಂದು, ಅದರಾಚೆ ಪಕ್ಕದವರ ಮೂರು ಮಹಡಿಯ ಗೋಡೆ. ಅಡುಗೆಮನೆ, ಹಾಲ್, ಟಿವಿ, ಮಕ್ಕಳು ಎಲ್ಲಾ ಮೇಲೆ. ಕಾರುಗಳ ಹಿಂದೆ ಅಮ್ಮ ಒಬ್ಬಳೇ.

ತೀರ್ಥಹಳ್ಳಿ ಕಡೆಯ ಊರಲ್ಲಿ ಅವಳ ದಿನವೆಲ್ಲ ಜಗಲಿಯಲ್ಲೇ ಕಳೆಯುತ್ತಿತ್ತು. ಅಂಗಳದಲ್ಲಿ ಅಡಿಕೆ ಹರವಿರುತ್ತಿತ್ತು. ದಾರಿಯಲ್ಲಿ ಹೋಗೋರು "ಕವಳ ಉಂಟಾ ಅಮ್ಮಾ?" ಅಂತ ಎಲೆಅಡಿಕೆ ಕೇಳಿ, ಕೂತು ಏಳುತ್ತಿದ್ದರು. ಇಲ್ಲಿಗೆ ಬಂದು ಒಂದೂವರೆ ವರ್ಷದಲ್ಲಿ ಮಾತು ಕಡಿಮೆಯಾಯಿತು, ನಿದ್ದೆ ಕೆಟ್ಟಿತು, ಊಟ ಸೇರಲಿಲ್ಲ. ಡಾಕ್ಟರು ಖಿನ್ನತೆ ಅಂದರು. ಮಾತ್ರೆ ಶುರುವಾಯಿತು. ಆ ಮಾತ್ರೆ ಈಗಲೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಿಟಕಿ ತೆಗೆದರೆ ಕಾಯಿಲೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಮೊದಲು ಮಾಡಿದ್ದೆಲ್ಲ ಸುಮ್ನೆ ದುಡ್ಡು ದಂಡ. ಗೋಡೆಗೆ ತಿಳಿ ಹಳದಿ ಬಳಿಸಿದೆ. ಟ್ಯೂಬ್‌ಲೈಟ್ ತೆಗೆದು ದುಬಾರಿ ಎಲ್‌ಇಡಿ ಹಾಕಿಸಿದೆ. ತಾರಸಿಯಲ್ಲಿ ಚೆಂದದ ತೋಟ ಮಾಡಿದೆ, ಮೆಟ್ಟಿಲು ಹತ್ತಲಾಗದವಳಿಗೆ! ಹೆಂಡತಿ ನಕ್ಕಳು. ನಗಬೇಕಾದದ್ದೇ.

ಕಾಲೇಜಿನಲ್ಲಿ ಓದಿದ್ದೊಂದು ಆಗ ನೆನಪಾಯಿತು. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಪ್ರಕಟಿಸಿದ ಅಧ್ಯಯನ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದ್ದರು. ಅರ್ಧದಷ್ಟು ಜನರ ಕಿಟಕಿಗೆ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರಿನ ನೋವಿನ ಔಷಧಿಯನ್ನೂ ಕಡಿಮೆ ತಗೊಂಡರು. ಪರೀಕ್ಷೆಯಲ್ಲಿ ಇದನ್ನು ಬರೆದು ನಂಬರ್ ತಗೊಂಡಿದ್ದೆ. ಆಮೇಲೆ ನಮ್ಮಮ್ಮನಿಗೇ ಇಟ್ಟಿಗೆ ಗೋಡೆಯ ಕಿಟಕಿ ಕೊಟ್ಟೆ.

ಒಂದು ಕಾರು ಮಾರಿದೆವು. ಸೆಟ್‌ಬ್ಯಾಕ್, ಅಂದರೆ ಮನೆಯ ಪಕ್ಕ ಖಾಲಿ ಬಿಡಬೇಕಾದ ಜಾಗ, ಕಳೆದು ಸಿಕ್ಕ 24 ಅಡಿ ಅಗಲದಲ್ಲಿ ಒಂದು ಕಾರಿಗೆ ಹತ್ತಡಿ ಬಿಟ್ಟು, ಉಳಿದದ್ದರಲ್ಲಿ ರಸ್ತೆ ಕಡೆಗೆ ಅಮ್ಮನ ಕೋಣೆ ಕಟ್ಟಿಸಿದೆ. ಕಿಟಕಿಯ ಕೆಳಗಿನ ಗೋಡೆ ಸಾಮಾನ್ಯವಾಗಿ ಮೂರಡಿ ಇರುತ್ತದೆ. ಮಲಗಿದವರಿಗೆ ಅದರಿಂದ ಆಕಾಶದ ಚೂರು ಬಿಟ್ಟರೆ ಏನೂ ಕಾಣಲ್ಲ. ಒಂದೂವರೆ ಅಡಿಗೆ ಇಳಿಸಿದೆ, ಸರಿಯಾಗಿ ಮಂಚದ ಮಟ್ಟಕ್ಕೆ. ಮೇಸ್ತ್ರಿ "ಸಾರ್, ಅಳತೆ ತಪ್ಪಾಗಿದೆ" ಅಂತ ಎರಡು ಸಲ ಫೋನ್ ಮಾಡಿದರು. ಈಗ ಅಮ್ಮನಿಗೆ ಮಲಗಿದಲ್ಲಿಂದಲೇ ಎದುರಿನ ಹೊಂಗೆ ಮರ, ಹಾಲಿನವನು, ಸ್ಕೂಲ್ ವ್ಯಾನ್ ಕಾಣುತ್ತವೆ. ಬೆಳಗಿನ ಬಿಸಿಲು ನೇರ ಹಾಸಿಗೆ ಮೇಲೆ ಬೀಳುತ್ತದೆ. ನಿದ್ದೆಯ ಗಡಿಯಾರ ಸರಿಹೋಗಲು ಕಣ್ಣಿಗೆ ಬೆಳಗಿನ ಬೆಳಕು ಬೇಕು, ಅದನ್ನು ಯಾವ ಎಲ್‌ಇಡಿಯೂ ಅಷ್ಟು ಸುಲಭಕ್ಕೆ ಕೊಡಲ್ಲ. ಹಳೆಯ ಕೋಣೆ ಈಗ ನನ್ನ ಆಫೀಸು. ಎರಡು ತಿಂಗಳು ಅಲ್ಲಿ ಕೂತ ಮೇಲೆ ಅಮ್ಮನ ಮೌನ ಏನಂತ ಗೊತ್ತಾಯಿತು.

ಕೊನೆಗೆ ಕಾಂಪೌಂಡು. ಆರಡಿ ಗೋಡೆಯನ್ನು ಮೂರಡಿಗೆ ಇಳಿಸಿ, ಗೇಟಿನ ಪಕ್ಕ ಒಂದಿಷ್ಟು ಒಳಕ್ಕೆ ಎಳೆದು ಆರಡಿ ಉದ್ದದ ಕಲ್ಲಿನ ಕಟ್ಟೆ ಮಾಡಿದೆ. ಪೂರ್ತಿ ನಮ್ಮ ಸೈಟಿನೊಳಗೇ, ಫುಟ್‌ಪಾತ್ ಮುಟ್ಟಿಲ್ಲ. ಮುಖ ನೇರ ರಸ್ತೆಗಲ್ಲ, ಸ್ವಲ್ಪ ಓರೆ. ಎದುರುಮನೆಯವರ ಬಾಗಿಲನ್ನೇ ದಿಟ್ಟಿಸುತ್ತಾ ಕೂರೋದು ಯಾರಿಗೂ ಹಿತವಲ್ಲ ಅಲ್ವಾ? ಮೊದಲು ಬಂದು ಕೂತವರು ಹೂವಿನಮ್ಮ. ಬುಟ್ಟಿ ಇಳಿಸಿ ನೀರು ಕೇಳಿದರು. ಅಮ್ಮ ಕೊಟ್ಟಳು. ಮೊಳದ ಲೆಕ್ಕದಲ್ಲಿ ಇಬ್ಬರಿಗೂ ಜಗಳವಾಯಿತು. ಅಮ್ಮನ ಧ್ವನಿ ಅಷ್ಟು ಜೋರಾಗಿ ಕೇಳಿ ಎಷ್ಟು ದಿನವಾಗಿತ್ತೋ, ನಾನು ಒಳಗಿಂದ ಕೇಳುತ್ತಾ ನಿಂತುಬಿಟ್ಟೆ.

ತೊಂದರೆಯೂ ಆಯಿತು. ಪಕ್ಕದವರು "ಕುಡುಕರು ಬಂದು ಕೂರ್ತಾರೆ ನೋಡಿ" ಅಂದಿದ್ದರು. ಕುಡುಕರು ಬರಲಿಲ್ಲ, ಸಿಗರೇಟಿನ ಹುಡುಗರು ಬಂದರು. ಮೇಲೊಂದು ದೀಪ ಹಾಕಿದ ಮೇಲೆ ಕಡಿಮೆಯಾದರು, ಪೂರ್ತಿ ಹೋಗಿಲ್ಲ.

ಇದನ್ನು ನೋಡಿ ಒಬ್ಬರು ತಮ್ಮ ಮನೆಗೂ ಇಂಥದ್ದೇ ಕಟ್ಟೆ ಮಾಡಿಸಿದರು. ಅದು ಖಾಲಿ ಬಿದ್ದಿದೆ. ಅವರದು ಬಸ್ಸು, ಟ್ಯಾಂಕರು ಓಡಾಡೋ ರಸ್ತೆ. ನಮ್ಮದು ಮುಂದೆ ಮುಚ್ಚಿಕೊಂಡಿರುವ ಕ್ರಾಸ್. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸಕರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದನ್ನೇ ಕಂಡಿದ್ದರು. ದಿನಕ್ಕೆ 2,000 ವಾಹನ ಓಡುವ ಬೀದಿಯಲ್ಲಿ ಒಬ್ಬರಿಗೆ ಸರಾಸರಿ 3 ಗೆಳೆಯರು, 16,000 ವಾಹನದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9. ಕಲ್ಲು ಎಷ್ಟೇ ಚೆನ್ನಾಗಿದ್ದರೂ ಹಾರ್ನ್ ನಡುವೆ ಯಾರು ಕೂರ್ತಾರೆ? ಅದನ್ನು ಅವರಿಗೆ ಮೊದಲೇ ಹೇಳಬೇಕಿತ್ತು.

ಈಗ ಯಾರೇ ಪ್ಲ್ಯಾನಿಗೆ ಬಂದರೂ ಎಷ್ಟು ಬೆಡ್‌ರೂಮ್ ಅಂತ ಮೊದಲು ಕೇಳಲ್ಲ. ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರಿರ್ತಾರೆ, ಎಲ್ಲಿ ಕೂರ್ತಾರೆ, ಅಲ್ಲಿಂದ ಏನು ಕಾಣುತ್ತೆ ಅಂತ ಕೇಳುತ್ತೇನೆ. ತುಂಬಾ ಜನ ಉತ್ತರ ಗೊತ್ತಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅಮ್ಮನಿಗೆ ಕಟ್ಟೆಯ ಬಗ್ಗೆ ಒಂದೇ ತಕರಾರು. ನಾನು 16 ಇಂಚು ಎತ್ತರ ಇಟ್ಟಿದ್ದೆ. "ನಿನ್ನ ಮಂಡಿಗೆ ಅಳತೆ ಮಾಡಿದ್ಯಾ, ನಂದಕ್ಕೆ ಮಾಡಬೇಕಿತ್ತು" ಅಂತಾಳೆ. ಎರಡಿಂಚಿನ ಚಪ್ಪಡಿಗೆ ಹೇಳಿದ್ದೇನೆ, ಮೇಸ್ತ್ರಿ ಸೋಮವಾರ ಬರುತ್ತಾರಂತೆ.