ಬೆಳೆ ಹೋದರೂ ಲಾರಿ ಬೇಕಾಯಿತು

ಕಲಬುರಗಿ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಲಾರಿ ಬುಕಿಂಗ್ ನನ್ನ ಕೆಲಸ. ಮುಂದಿನ ತಿಂಗಳು ಎಷ್ಟು ಗಾಡಿ ಬೇಕು ಅಂತ ಮಾಲೀಕರಿಗೆ ಮೊದಲೇ ಹೇಳಬೇಕು. ಮುಂಚೆ ಹೊಲ ನೋಡಿ ಹೇಳುತ್ತಿದ್ದೆ. ತೊಗರಿ ಚೆನ್ನಾಗಿದ್ದರೆ ಲಾರಿ ಜಾಸ್ತಿ, ಇಲ್ಲದಿದ್ದರೆ ಕಮ್ಮಿ.

2022ರಲ್ಲಿ ನೆಟೆ ರೋಗ ಬಂದು ನಮ್ಮ ಕಡೆ ತೊಗರಿ ನಿಂತಲ್ಲೇ ಒಣಗಿತು. "ಈ ಸಲ ಲೋಡ್ ಇರಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಅಂದುಬಿಟ್ಟೆ. ಬೇಸಿಗೆಗೆ ದಾಲ್ ಮಿಲ್‌ನವರ ಫೋನ್ ಮೇಲೆ ಫೋನ್. ಬೇಳೆ ಮೂಟೆ ರೆಡಿ, ಲಾರಿ ಇಲ್ಲ! ಹಳೇ ಸಾವ್ಕಾರರೊಬ್ಬರು ನಕ್ಕರು: "ತಮ್ಮಾ, ಬೆಳಿ ಹೋದ್ರ ಮಿಲ್ ಬಂದ್ ಮಾಡ್ತಾರೇನು? ಹೊರಗಿನ ಮಾಲು ಬರ್ತದಲ್ಲ."

ಆಮೇಲೆ ಆಮದಿನ ಲೆಕ್ಕ ನೋಡಲು ಶುರು ಮಾಡಿದೆ. ವಾಣಿಜ್ಯ ಇಲಾಖೆಯ ಅಂಕಿಅಂಶದಲ್ಲಿ ತೊಗರಿಯ ಕೋಡ್ 07136000 ಅಂತ ಹಾಕಿದರೆ ಯಾವ ದೇಶದಿಂದ ಎಷ್ಟು ತೊಗರಿ ಬಂತು ಅಂತ ತಿಂಗಳವಾರು ಸಿಗುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿನ ನಿರ್ಬಂಧ ತೆಗೆದಿತ್ತು. ನಾನು ಗಮನಿಸಿಯೇ ಇರಲಿಲ್ಲ. ನಮ್ಮ ತೊಗರಿ ಡಿಸೆಂಬರ್, ಜನವರಿಗೆ ಕಟಾವು. ಮೊಜಾಂಬಿಕ್, ತಾಂಜಾನಿಯಾ ಕಡೆಯದು ಸೆಪ್ಟೆಂಬರ್ ಆದಮೇಲೆ ಮುಂಬಯಿ ಬಂದರಿಗೆ ಬರುತ್ತದೆ. ಇಲ್ಲಿನ ಗೋದಾಮು ಖಾಲಿಯಾಗುವ ಹೊತ್ತು ಅದು.

ಲೆಕ್ಕ ಹೀಗೆ. ಹತ್ತು ಗಾಲಿ ಲಾರಿಗೆ 18 ಟನ್ ಹಿಡಿಯೋಣ. ಮುಂಬಯಿಯಿಂದ 1,000 ಟನ್ ತೊಗರಿ ತರಲು 56 ಲಾರಿ. ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ. ಹಾಗಾದರೆ ಬೇಳೆ ಹೊರಡಲು 39 ಲಾರಿ. ಹೊಟ್ಟು, ಚುನ್ನಿ ಇಲ್ಲೇ ದನಗಳ ಮೇವಿಗೆ ಹೋಗುತ್ತದೆ, ಅದಕ್ಕೆ ಸಣ್ಣ ಗಾಡಿ ಸಾಕು. ಎರಡನ್ನೂ ಸುಮ್ನೆ ಕೂಡಿಸಿ 95 ಅಂದರೆ ತಪ್ಪು. ತೊಗರಿ ಇಳಿಸಿದ ಲಾರಿಯೇ ಬೇಳೆ ಹೇರಿಕೊಂಡು ವಾಪಸ್ ಮುಂಬಯಿಗೆ ಹೋಗಬಹುದು. ಆದರೆ ಬೇಳೆ ಎಲ್ಲಾ ಆ ಕಡೆಗೇ ಹೋಗಲ್ಲ ಅಲ್ವಾ? ಹೈದರಾಬಾದ್, ಚೆನ್ನೈ ಆರ್ಡರ್ ಎಷ್ಟಿದೆ ಅಂತ ಮಿಲ್ ಮಿಲ್‌ಗೂ ಹೋಗಿ ಕೇಳುತ್ತೇನೆ. ಈ ಒಂದು ಅಂಕಿ ಯಾವ ವೆಬ್‌ಸೈಟ್‌ನಲ್ಲೂ ಸಿಗುವುದಿಲ್ಲ.

2023ರ ಕೊನೆಗೆ ಮತ್ತೆ ಎಡವಿದೆ. ಮೊಜಾಂಬಿಕ್‌ನಲ್ಲೇ ರಫ್ತಿನ ತಕರಾರಾಗಿ ತೊಗರಿ ಅಲ್ಲಿಯ ಬಂದರಿನಲ್ಲಿ ಸಿಕ್ಕಿಕೊಂಡಿತು. ನನ್ನ ಮಾತು ನಂಬಿ ಮುಂಬಯಿಗೆ ಹೋದ ನಾಲ್ಕು ಲಾರಿ ವಾರಗಟ್ಟಲೆ ನಿಂತವು. ಡ್ರೈವರ್‌ಗಳ ಊಟದ ಖರ್ಚು ನನ್ನ ಜೇಬಿನದು.

ಈಗ ಮಾಲೀಕರಿಗೆ ಎಷ್ಟು ಲಾರಿ ಅಂತ ತಿಂಗಳು ಮೊದಲೇ ಹೇಳುತ್ತೇನೆ. ತಾರೀಖು ಮಾತ್ರ, ಹಡಗು ಬಂತು ಅಂತ ಮುಂಬಯಿ ದಲ್ಲಾಳಿ ಫೋನ್ ಮಾಡಿದ ಮೇಲೇ.