ನಿರ್ದೇಶಕರು ಬದಲಾದ ಥ್ರಿಲ್ಲರ್ ಕೈಗೆ ಬಂದಾಗ: ಕಂಟಿನ್ಯುಟಿ ಕುರ್ಚಿಯಿಂದ ಒಂದಿಷ್ಟು ಸಲಹೆ

ಅರ್ಧ ಶೂಟಿಂಗ್ ಮುಗಿದಿದೆ. ನಿರ್ದೇಶಕರು ಬಿಟ್ಟುಹೋಗಿದ್ದಾರೆ, ಇಲ್ಲವೇ ಅವರನ್ನು ಬಿಡಿಸಿ ಕಳಿಸಲಾಗಿದೆ. ನಿರ್ಮಾಪಕರು ಹೊಸಬರನ್ನು ಕೂರಿಸಿಕೊಂಡು 'ಇನ್ನು ಸ್ವಲ್ಪವೇ ಬಾಕಿ ಸಾರ್, ಮುಗಿಸಿಕೊಟ್ಟುಬಿಡಿ' ಅನ್ನುತ್ತಾರೆ. ಆ 'ಸ್ವಲ್ಪವೇ ಬಾಕಿ'ಯನ್ನು ನಂಬಿ ಮಾರನೇ ದಿನವೇ ಕಾಲ್‌ಶೀಟ್ ಹಾಕಿದವರ ಗತಿ ಏನಾಯಿತು ಅಂತ ಹತ್ತಿರದಿಂದ ನೋಡಿದವಳು ನಾನು.

ನನ್ನ ಕೆಲಸ ಕಂಟಿನ್ಯುಟಿ ನೋಡುವುದು. ಮಾನಿಟರ್ ಪಕ್ಕ ಕೂತು, ಯಾವ ಶಾಟ್‌ನಲ್ಲಿ ಯಾರ ಕೈಯಲ್ಲಿ ಏನಿತ್ತು, ಯಾವ ಮಾತಿಗೆ ತಲೆ ಎತ್ತಿದರು ಅಂತ ಬರೆದಿಡುವುದು. ನಿರ್ದೇಶಕರು ಹೋಗಬಹುದು, ಕ್ಯಾಮೆರಾಮನ್ ಹೋಗಬಹುದು, ನಮ್ಮ ಫೈಲು ಮಾತ್ರ ಆಫೀಸಿನಲ್ಲೇ ಉಳಿದಿರುತ್ತದೆ. ಹಾಗಾಗಿ ಹೊಸಬರು ಬಂದ ದಿನ ಮೊದಲು ಫೋನ್ ಬರುವುದು ನಮಗೇ. ಹಾಗೆ ಫೋನ್ ಮಾಡಿದವರಿಗೆಲ್ಲ ಹೇಳುತ್ತ ಬಂದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಕ್ಷನ್ ಚಿತ್ರವಾದರೆ ಎಷ್ಟು ಸೀನ್ ಆಗಿದೆ, ಎಷ್ಟು ಉಳಿದಿದೆ ಅಂತ ಎಣಿಸಿಕೊಂಡು ಮುಂದೆ ಹೋಗಬಹುದು. ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಆ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. ಈ ಬಗೆಯ ಕಥೆ ನಿಂತಿರುವುದು ಯಾರಿಗೆ ಏನು ಗೊತ್ತು, ಯಾವಾಗಿನಿಂದ ಗೊತ್ತು ಅನ್ನುವುದರ ಮೇಲೆ. ಹಳೆಯ ನಿರ್ದೇಶಕರು ಅದಕ್ಕೊಂದು ಉತ್ತರ ಇಟ್ಟುಕೊಂಡಿದ್ದರು. ಸ್ಕ್ರಿಪ್ಟಿನಲ್ಲಿ ಅದು ಇರದೇ ಇರಬಹುದು, ಆದರೆ ನಟರ ಕಣ್ಣಿನಲ್ಲಿ ಆಗಲೇ ರೆಕಾರ್ಡ್ ಆಗಿ ಕೂತಿದೆ. ಹೊಸಬರ ಉತ್ತರ ಬೇರೆಯಾದರೆ, ಉಳಿದ ಸೀನ್‌ಗಳನ್ನು ಎಷ್ಟೇ ಚೆನ್ನಾಗಿ ತೆಗೆದರೂ ಅವು ಬೇರೊಂದು ಚಿತ್ರದ ಸೀನ್‌ಗಳಾಗುತ್ತವೆ.

ಮೊದಲ ಕೆಲಸ: ಕ್ಯಾಮೆರಾ ಮುಟ್ಟಬೇಡಿ

ಹಾರ್ಡ್‌ಡಿಸ್ಕ್‌ಗಳು, ಕ್ಯಾಮೆರಾ ರಿಪೋರ್ಟ್, ಸೌಂಡ್ ರಿಪೋರ್ಟ್, ಕಂಟಿನ್ಯುಟಿ ಫೋಟೋಗಳು, ಮಾನಿಟರ್‌ಗೆ ಹಾಕಿದ್ದ ಲಟ್ ಫೈಲ್ (ಚಿತ್ರದ ಬಣ್ಣ ಹೇಗೆ ಕಾಣಬೇಕು ಅನ್ನುವ ಸೆಟ್ಟಿಂಗ್), ಕಾಸ್ಟ್ಯೂಮ್ ಚಾರ್ಟ್, ಎಲ್ಲವೂ ಒಂದೇ ಕಡೆ ಸೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಳೆಯ ನಿರ್ದೇಶಕರು ಕೈಯಲ್ಲಿ ಗೀಚಿಕೊಂಡಿದ್ದ ಸ್ಕ್ರಿಪ್ಟ್ ಪ್ರತಿ. ಅದು ಸಿಗುವುದು ಕಷ್ಟ, ಜಗಳ ಮಾಡಿಕೊಂಡು ಹೋದವರು ಕೊಡುವುದಿಲ್ಲ. ಆಗ ಅಸಿಸ್ಟೆಂಟ್‌ಗಳ ಪ್ರತಿ ಕೇಳಿ. ರಿಹರ್ಸಲ್ ವೇಳೆ ಹೇಳಿದ್ದನ್ನು ಅಂಚಿನಲ್ಲಿ ಬರೆದುಕೊಂಡ ಒಬ್ಬರಾದರೂ ಇದ್ದೇ ಇರುತ್ತಾರೆ.

ಆಮೇಲೆ ತೆಗೆದ ಫುಟೇಜ್ ಅಷ್ಟನ್ನೂ ಎಡಿಟರ್ ಜೊತೆ ಕೂತು ನೋಡಿ. ಓಕೆ ಆದ ಶಾಟ್‌ಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದ ಅಸೆಂಬ್ಲಿ ಕಟ್ ನೋಡಿದರೆ ಸಾಲದು, ಓಕೆ ಆಗದ ಟೇಕ್‌ಗಳನ್ನೂ ನೋಡಬೇಕು. 'ಕಟ್' ಅಂದ ಮೇಲೆ ಕ್ಯಾಮೆರಾ ಇನ್ನೂ ಎರಡು ಸೆಕೆಂಡ್ ಓಡಿರುತ್ತದಲ್ಲ, ಎಷ್ಟೋ ಸಲ ಹಳೆಯ ನಿರ್ದೇಶಕರು ನಟಿಗೆ ಹೇಳಿದ ತಿದ್ದುಪಡಿ ಅಲ್ಲೇ ಕೇಳಿಸುತ್ತದೆ. 'ಅಷ್ಟು ಬೇಡ, ನಿನಗಿನ್ನೂ ಅನುಮಾನ ಅಷ್ಟೇ' ಅನ್ನುವಂಥ ಒಂದು ಮಾತು ಸಿಕ್ಕರೆ ಇಡೀ ಸೀನ್ ಅರ್ಥವಾಗುತ್ತದೆ. ಎಡಿಟರ್ ಅನ್ನು ಮಾತ್ರ ಯಾವ ಕಾರಣಕ್ಕೂ ಬದಲಾಯಿಸಬೇಡಿ. ಹೊಸ ನಿರ್ದೇಶಕರು ತಮ್ಮವರನ್ನು ಕರೆತರುತ್ತೇನೆ ಅಂತ ಹಟ ಹಿಡಿಯುತ್ತಾರೆ. ಕರೆತರಲಿ, ಹಳಬರ ಜೊತೆಗೆ ಕೂರಿಸಿ.

ನಾಲ್ಕು ಕಾಲಂ

ದೊಡ್ಡ ಹಾಳೆ ತಗೊಂಡು ನಾಲ್ಕು ಕಾಲಂ ಹಾಕಿ. ಸೀನ್ ನಂಬರ್, ನಿಜವಾಗಿ ನಡೆದದ್ದೇನು, ಪಾತ್ರ ಏನಂತ ನಂಬಿದೆ, ಪ್ರೇಕ್ಷಕರಿಗೆ ಎಷ್ಟು ಗೊತ್ತು. ಪ್ರತಿ ಸೀನ್‌ಗೂ ತುಂಬಿ. ಎರಡನೇ ಕಾಲಂನಲ್ಲಿ ಹೊಸ ನಿರ್ದೇಶಕರಿಗೂ ಬರಹಗಾರರಿಗೂ ಮಾತು ಕೂಡದಿದ್ದರೆ ಅಲ್ಲೇ ನಿಲ್ಲಿಸಿ, ಅಲ್ಲೇ ತೀರ್ಮಾನ ಮಾಡಿ. 'ಅದನ್ನು ಪ್ರೇಕ್ಷಕರಿಗೇ ಬಿಟ್ಟಿದ್ದೇವೆ' ಅನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ಪ್ರೇಕ್ಷಕರಿಗೆ ಬಿಡಬಹುದು, ನಟಿಗೆ ಬಿಡುವ ಹಾಗಿಲ್ಲ. ಅವಳು ಏನಾದರೊಂದನ್ನು ನಂಬಿಕೊಂಡೇ ನಟಿಸಬೇಕು.

ಒಂದು ಉದಾಹರಣೆ. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ನಾಯಕಿ ಅಡುಗೆಮನೆಯ ಸಿಂಕಿನಲ್ಲಿ ಲೋಟ ತೊಳೆಯುತ್ತಿರುತ್ತಾಳೆ, ಗಂಡ ಹಿಂದಿನಿಂದ ಬಂದು 'ಇವತ್ತು ಯಾರಾದ್ರೂ ಬಂದಿದ್ರಾ?' ಅಂತ ಕೇಳುತ್ತಾನೆ. ಅವಳು 'ಇಲ್ಲ' ಅನ್ನುತ್ತಾಳೆ. ಅಷ್ಟೇ ಸೀನ್. ಹಳೆಯ ನಿರ್ದೇಶಕರು ಅವಳಿಗೆ 'ನಿನಗೆ ಬೆಳಿಗ್ಗೆಯಿಂದಲೇ ಎಲ್ಲ ಗೊತ್ತು' ಅಂದಿದ್ದರು. ಹಾಗಾಗಿ ಪ್ರಶ್ನೆ ಕೇಳಿದ ತಕ್ಷಣ ಅವಳ ಕೈ ನಿಲ್ಲುತ್ತದೆ, ಕಣ್ಣು ಒಂದು ಕ್ಷಣ ಎಡಗಡೆ ಬಾಗಿಲ ಕಡೆ ಹೋಗಿ ಬರುತ್ತದೆ, ಆಮೇಲೆ 'ಇಲ್ಲ'. ಹೊಸ ನಿರ್ದೇಶಕರ ಕಥೆಯಲ್ಲಿ ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಗೊತ್ತಿಲ್ಲದವಳು ಬಾಗಿಲ ಕಡೆ ಯಾಕೆ ನೋಡಿದಳು? ಸೀನ್ ಪೇಪರಿನಲ್ಲಿ ಒಂದಕ್ಷರ ಬದಲಾಗಿಲ್ಲ, ಆದರೂ ಆ ಶಾಟ್ ಇಟ್ಟರೆ ಇಂಟರ್ವಲ್‌ಗೆ ಮೊದಲೇ ಗುಟ್ಟು ರಟ್ಟು.

ಎಡಿಟರ್ ಮಾಡಿದ್ದು ಇಷ್ಟು. ಪ್ರಶ್ನೆ ಬರುವಾಗ ಅವಳ ಮುಖದ ಶಾಟ್ ಬಿಟ್ಟು ಗಂಡನ ಶಾಟ್ ಇಟ್ಟರು. ಕೈ ನಿಂತ ಜಾಗದಲ್ಲಿ ನಲ್ಲಿಯ ಸದ್ದು ನಿಲ್ಲದೆ ಮುಂದುವರಿಸಿದರು. 'ಇಲ್ಲ' ಅನ್ನುವುದನ್ನು ಬೆನ್ನ ಹಿಂದಿನ ಶಾಟ್‌ಗೆ ಹಾಕಿ, ಡಬ್ಬಿಂಗ್‌ನಲ್ಲಿ ಇನ್ನೂ ಸಲೀಸಾಗಿ ಹೇಳಿಸಿದರು. ಮತ್ತೆ ಶೂಟ್ ಮಾಡುವ ಅಗತ್ಯವೇ ಬೀಳಲಿಲ್ಲ. ಆದರೆ ಆ ನೋಟ ಅಲ್ಲಿದೆ ಅಂತ ಮೊದಲು ಕಾಣಬೇಕಲ್ಲ, ಅದಕ್ಕೇ ಹಾಳೆ.

ಬೇಕಂತಲೇ ಮಾಡಿದ ತಪ್ಪುಗಳು

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೇರೆ ಚಿತ್ರಗಳಲ್ಲಿ ಕಂಟಿನ್ಯುಟಿ ತಪ್ಪಿದರೆ ಅದು ತಪ್ಪೇ. ಮನಸ್ಸಿನ ಆಟದ ಚಿತ್ರದಲ್ಲಿ ಅರ್ಧದಷ್ಟು ತಪ್ಪುಗಳನ್ನು ಬೇಕಂತಲೇ ಇಟ್ಟಿರುತ್ತಾರೆ. ಟೇಬಲ್ಲಿನ ಎಡಕ್ಕಿದ್ದ ಕಾಫಿ ಕಪ್ ಬಲಕ್ಕೆ ಬರುತ್ತದೆ, ಕಿಟಕಿ ಪರದೆಯ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಕನ್ನಡಿಯಲ್ಲಿ ಉಂಗುರ ಬೇರೆ ಬೆರಳಿಗೆ ಹೋಗಿರುತ್ತದೆ. ಇವೆಲ್ಲ 'ಇದು ಅವಳ ಕಲ್ಪನೆ' ಅಂತ ಹೇಳುವ ಗುರುತುಗಳು. ನಮ್ಮ ಸೆಟ್‌ನಲ್ಲಿ ಕಲ್ಪನೆಯ ಸೀನ್‌ಗಳಲ್ಲೆಲ್ಲ ಗೋಡೆ ಗಡಿಯಾರ ನಿಂತಿರಬೇಕು ಅಂತ ಇತ್ತು. ಹೊಸ ಆರ್ಟ್ ಡಿಪಾರ್ಟ್‌ಮೆಂಟಿನ ಹುಡುಗ ಪಾಪ ಒಳ್ಳೆಯ ಮನಸ್ಸಿನಿಂದ ಅದಕ್ಕೆ ಹೊಸ ಬ್ಯಾಟರಿ ಹಾಕಿ, ಟೈಮ್ ಸರಿಮಾಡಿ ನೇತುಹಾಕಿದ್ದ.

ಹಾಗಾಗಿ ಹಳೆಯ ಕಂಟಿನ್ಯುಟಿ ಫೈಲಿನಿಂದ ಬೇಕಂತಲೇ ಮಾಡಿದ ವ್ಯತ್ಯಾಸಗಳ ಪಟ್ಟಿಯನ್ನು ಬೇರೆಯಾಗಿ ತೆಗೆಸಿ, ಆರ್ಟ್, ಕಾಸ್ಟ್ಯೂಮ್, ಮೇಕಪ್, ಡಿಐ (ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಚಿತ್ರದ ಬಣ್ಣ ಹೊಂದಿಸುವ ಕೆಲಸ) ಮಾಡುವ ಕಲರಿಸ್ಟ್, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಕಲರಿಸ್ಟ್‌ಗೆ ಕೊಡುವುದನ್ನು ಜನ ಮರೆಯುತ್ತಾರೆ. ಆತ ಪರದೆಯ ಬಣ್ಣವನ್ನು ಎರಡು ನಿಮಿಷದಲ್ಲಿ 'ಮ್ಯಾಚ್' ಮಾಡಿ ಇಟ್ಟುಬಿಡುತ್ತಾನೆ.

ಲೆನ್ಸ್ ವಿಷಯವೂ ಇದೇ. ನಿಜದ ಸೀನ್‌ಗಳು ಟ್ರೈಪಾಡ್ ಮೇಲೆ ಉದ್ದನೆಯ ಲೆನ್ಸ್‌ನಲ್ಲಿ, ಭ್ರಮೆಯ ಸೀನ್‌ಗಳು ವೈಡ್ ಲೆನ್ಸ್ ಹಾಕಿ ಕೈಯಲ್ಲಿ ಹಿಡಿದು, ಅಂತ ಒಂದು ಕಟ್ಟುಪಾಡು ಮಾಡಿಕೊಂಡಿರುತ್ತಾರೆ. ಕ್ಯಾಮೆರಾ ರಿಪೋರ್ಟ್ ನೋಡಿದರೆ ಆ ಕಟ್ಟುಪಾಡು ತಾನಾಗಿ ಕಾಣುತ್ತದೆ. ಹೊಸ ಕ್ಯಾಮೆರಾಮನ್‌ಗೆ ಅದು ಹಿಡಿಸದಿದ್ದರೂ, ಹಳೆಯ ಫುಟೇಜ್ ಉಳಿಸಿಕೊಳ್ಳುವುದಾದರೆ ಅದನ್ನೇ ಪಾಲಿಸಬೇಕು.

ಎಸೆಯುವುದು ಯಾವುದು

ನಿರ್ಮಾಪಕರು ಎಲ್ಲವನ್ನೂ ಉಳಿಸಿಕೊಳ್ಳಬೇಕು ಅನ್ನುತ್ತಾರೆ, ಹೊಸ ನಿರ್ದೇಶಕರು ಎಲ್ಲವನ್ನೂ ಎಸೆಯಬೇಕು ಅನ್ನುತ್ತಾರೆ. ಇಬ್ಬರ ಮಾತನ್ನೂ ಆ ನಾಲ್ಕು ಕಾಲಂ ಮುಂದಿಟ್ಟು ನೋಡಿ. ಎರಡನೇ ಕಾಲಂ ಹೊಂದುವ ಸೀನ್ ಉಳಿಯಲಿ, ಕತ್ತರಿ ಹಾಕಿ ಹೊಂದಿಸಬಹುದಾದದ್ದು ಬದಿಗಿರಲಿ, ಮಿಕ್ಕದ್ದು ಹೋಗಲಿ. ಬಿಟ್ಟುಕೊಡುವ ಸೀನ್‌ನಲ್ಲಿ ಎಷ್ಟು ದೊಡ್ಡ ಕ್ರೇನ್ ಶಾಟ್ ಇದೆ ಅನ್ನುವುದು ಲೆಕ್ಕಕ್ಕಿಲ್ಲ.

ಪೂರ್ತಿ ಎಸೆದೂ ಗೆದ್ದವರಿದ್ದಾರೆ. 1944ರ 'ಲಾರಾ' ಚಿತ್ರವನ್ನು ಶುರುಮಾಡಿದ್ದು ರೂಬೆನ್ ಮಮೂಲಿಯನ್. ಅವರನ್ನು ತೆಗೆದ ಮೇಲೆ ನಿರ್ಮಾಪಕ ಆಟೊ ಪ್ರೆಮಿಂಜರ್ ತಾವೇ ನಿರ್ದೇಶನಕ್ಕೆ ನಿಂತು, ಆವರೆಗೆ ತೆಗೆದದ್ದನ್ನು ಬಿಟ್ಟು ಮತ್ತೆ ಮೊದಲಿನಿಂದ ತೆಗೆದರು. ಕ್ಯಾಮೆರಾಮನ್ ಕೂಡ ಬದಲಾದರು. ಹೊಸದಾಗಿ ಬಂದ ಜೋಸೆಫ್ ಲಶೆಲ್‌ಗೆ ಆ ಕೆಲಸಕ್ಕೆ ಆಸ್ಕರ್ ಬಂತು. ನನಗೆ ಅದರಲ್ಲಿ ಇಷ್ಟವಾಗುವುದು ಒಂದು ಸಣ್ಣ ಸಂಗತಿ. ಸತ್ತಳು ಅಂದುಕೊಂಡಿದ್ದ ಹೆಣ್ಣಿನ ಚಿತ್ರಪಟ ನೋಡಿ ಪತ್ತೇದಾರ ಮೋಹಗೊಳ್ಳುವ ಕಥೆ ಅದು. ಮಮೂಲಿಯನ್ ಕಾಲದಲ್ಲಿ ಅವರ ಹೆಂಡತಿಯೇ ಬರೆದ ಪೇಂಟಿಂಗ್ ಇತ್ತು. ಪ್ರೆಮಿಂಜರ್ ಅದನ್ನು ತೆಗೆದು, ನಟಿ ಜೀನ್ ಟಿಯರ್ನಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಮೇಲೆ ಬಣ್ಣ ಹಚ್ಚಿಸಿದರು. ಇಡೀ ಚಿತ್ರ ಆ ಗೋಡೆಯ ಮುಖದ ಮೇಲೆ ನಿಂತಿದೆ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಚಿತ್ರ ಯಾವ ವಸ್ತುವಿನ ಮೇಲೆ ನಿಂತಿದೆ ಅಂತ ಕಂಡುಕೊಳ್ಳಿ, ಅದನ್ನು ಮಾತ್ರ ಹೊಸಬರ ಇಷ್ಟದ ಹಾಗೆಯೇ ಮಾಡಿಸಿ.

ಇನ್ನೊಂದು ತುದಿಯಲ್ಲಿ 2017ರ 'ದಿ ಸ್ನೋಮ್ಯಾನ್' ಇದೆ. ಮೊದಲು ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಬೇಕಿತ್ತು, ಆಮೇಲೆ ಅದು ಟೋಮಾಸ್ ಆಲ್ಫ್ರೆಡ್‌ಸನ್ ಕೈಗೆ ಬಂತು. ಚಿತ್ರ ಬಿಡುಗಡೆಯಾದ ಹೊತ್ತಿಗೆ ಅವರೇ ಹೇಳಿಕೊಂಡರು: ಸಿದ್ಧತೆಗೆ ಸಮಯ ಸಿಗಲಿಲ್ಲ, ಸ್ಕ್ರಿಪ್ಟಿನ ಶೇಕಡಾ 10ರಿಂದ 15ರಷ್ಟು ಭಾಗ ಶೂಟ್ ಆಗಲೇ ಇಲ್ಲ, ಅದು ಗೊತ್ತಾಗಿದ್ದು ಎಡಿಟಿಂಗ್‌ಗೆ ಕೂತ ಮೇಲೆ. ಪ್ರೇಮಕಥೆಯಲ್ಲಿ ಅಷ್ಟು ಬಿಟ್ಟುಹೋದರೆ ಹೇಗೋ ದಾಟಿಸಬಹುದೇನೋ. ಕೊಲೆಗಾರನ ಸುಳಿವು ಹುಡುಕುವ ಕಥೆಯಲ್ಲಿ ಬಿಟ್ಟುಹೋದದ್ದು ಯಾವಾಗಲೂ ಸುಳಿವೇ ಆಗಿರುತ್ತದೆ. ಆದ್ದರಿಂದ ಪ್ರತಿ ಶೆಡ್ಯೂಲ್ ಮುಗಿದ ರಾತ್ರಿ, ಆಗದ ಸೀನ್‌ಗಳನ್ನು ಹಾಳೆಯ ಮೇಲೆ ಕೆಂಪಿನಲ್ಲಿ ಗುರುತು ಮಾಡಿ. ಲೊಕೇಶನ್ ಖಾಲಿ ಮಾಡುವ ಮೊದಲು, ಆಮೇಲೆ ಅಲ್ಲ.

ತೇಪೆ ಹಾಕುವುದು

ಬಾಗಿಲ ಚಿಲಕ, ಫೋನ್ ಪರದೆ, ಮೆಟ್ಟಿಲ ಮೇಲಿನ ಕಾಲು, ಹೀಗೆ ಮುಖ ಕಾಣದ ಇನ್ಸರ್ಟ್‌ಗಳನ್ನು ಧಾರಾಳವಾಗಿ ತೆಗೆದಿಡಿ. ಹಳೆಯ ಸೀನ್‌ಗೂ ಹೊಸ ಸೀನ್‌ಗೂ ನಡುವೆ ಅವು ಬೇಕೇ ಬೇಕು. ಪ್ರತಿ ಜಾಗದಲ್ಲೂ ಮಾತಿಲ್ಲದ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಸಿ. ನಟರ ಕೂದಲು, ಮೈತೂಕ ನಡುವೆ ಬದಲಾಗಿರುತ್ತದೆ, ವಿಗ್‌ಗೆ ಮೊದಲೇ ಹೇಳಿ. ಇಷ್ಟರ ಮೇಲೂ ಕಥೆ ಅರ್ಥವಾಗುತ್ತಿಲ್ಲ ಅಂದರೆ ಯಾರಾದರೊಬ್ಬರು 'ನಾಯಕಿಯ ವಾಯ್ಸ್ ಓವರ್ ಹಾಕೋಣ' ಅನ್ನುತ್ತಾರೆ. ಬೇಡ. ಅವಳ ಮನಸ್ಸಿನಲ್ಲಿ ಏನಿದೆ ಅನ್ನುವುದೇ ಕಥೆಯ ಬೀಗ. ವಾಯ್ಸ್ ಓವರ್ ಹಾಕಿದರೆ ಅವಳು ಹೇಳುವುದು ನಿಜವಿರಬೇಕು, ಇಲ್ಲವೇ ಸುಳ್ಳಿರಬೇಕು. ನಿಜವಾದರೆ ಬೀಗ ತೆಗೆದಂತೆ. ಸುಳ್ಳಾದರೆ ಆ ಸುಳ್ಳನ್ನು ನಿಭಾಯಿಸಲು ಇನ್ನೂ ನಾಲ್ಕು ಸೀನ್ ಬರೆಯಬೇಕು.

ಜನರ ವಿಷಯ

ಹೊಸ ನಿರ್ದೇಶಕರು ಮೊದಲು ಮಾತಾಡಬೇಕಾದದ್ದು ಮುಖ್ಯ ನಟರ ಜೊತೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು. 'ನಾನು ಹೀಗೆ ಮಾಡುತ್ತೇನೆ' ಅಂತ ಶುರುಮಾಡಬಾರದು. 'ಈ ಸೀನ್‌ನಲ್ಲಿ ನಿಮಗೆ ಏನು ಗೊತ್ತಿತ್ತು?' ಅಂತ ಕೇಳಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಹಳೆಯ ನಿರ್ದೇಶಕರ ಮೇಲೆ ಅವರಿಗೆ ಪ್ರೀತಿ ಉಳಿದಿದ್ದರೆ ಅದಕ್ಕೆ ಅಡ್ಡ ಬರಬೇಡಿ. ಸೆಟ್‌ನಲ್ಲಿ ಹೋದವರನ್ನು ಬೈಯುವುದಕ್ಕೆ ಬಿಡಲೇಬೇಡಿ, ಅರ್ಧ ಯೂನಿಟ್ ಅವರು ಕರೆತಂದವರೇ.

ಅಸೋಸಿಯೇಟ್ ಡೈರೆಕ್ಟರ್‌ಗೇ ಚಿತ್ರ ಒಪ್ಪಿಸಿಬಿಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಖರ್ಚು ಕಡಿಮೆ, ಕಥೆ ಅವನಿಗೆ ಗೊತ್ತು. ಒಪ್ಪಿಸುವ ಮುನ್ನ ಸಂಘದ ನಿಯಮ ನೋಡಿ. 1976ರ 'ದಿ ಔಟ್‌ಲಾ ಜೋಸಿ ವೇಲ್ಸ್' ಚಿತ್ರದಲ್ಲಿ ಫಿಲಿಪ್ ಕಾಫ್‌ಮನ್‌ರನ್ನು ತೆಗೆದು ನಾಯಕ ನಟ ಕ್ಲಿಂಟ್ ಈಸ್ಟ್‌ವುಡ್ ತಾವೇ ನಿರ್ದೇಶಿಸಿದ ಮೇಲೆ, ಅಮೆರಿಕದ ನಿರ್ದೇಶಕರ ಸಂಘ ಅದೇ ಚಿತ್ರದಲ್ಲಿ ಕೆಲಸ ಮಾಡುತ್ತಿರುವವರು ನಿರ್ದೇಶಕರ ಜಾಗಕ್ಕೆ ಬರಬಾರದು ಅಂತ ನಿಯಮವನ್ನೇ ಮಾಡಿತು. ನಿಯಮ ಇರಲಿ ಬಿಡಲಿ, ಅದರ ಹಿಂದಿನ ಭಯ ನಿಜ. ಕುರ್ಚಿ ಸಿಗುತ್ತದೆ ಅಂತಾದರೆ ಕುರ್ಚಿ ಎಳೆಯುವವರು ಹುಟ್ಟಿಕೊಳ್ಳುತ್ತಾರೆ.

ಟೈಟಲ್‌ನಲ್ಲಿ ಯಾರ ಹೆಸರು ಅನ್ನುವುದನ್ನು ಹೊಸ ಒಪ್ಪಂದಕ್ಕೆ ಸಹಿ ಬೀಳುವ ದಿನವೇ ಬರೆಸಿಕೊಳ್ಳಿ. 1969ರ 'ಡೆತ್ ಆಫ್ ಎ ಗನ್‌ಫೈಟರ್' ಚಿತ್ರಕ್ಕೆ ರಾಬರ್ಟ್ ಟಾಟನ್ ಜಾಗದಲ್ಲಿ ಡಾನ್ ಸೀಗಲ್ ಬಂದು ಮುಗಿಸಿದರು, ಕೊನೆಗೆ ನಿರ್ದೇಶಕ ಅಂತ ಹೆಸರು ಹಾಕಿಸಿಕೊಳ್ಳುವುದು ಇಬ್ಬರಿಗೂ ಬೇಡವಾಯಿತು. ತೆರೆಯ ಮೇಲೆ ಬಂದದ್ದು ಅಲನ್ ಸ್ಮಿಥೀ ಅನ್ನುವ, ಹುಟ್ಟೇ ಇರದ ಮನುಷ್ಯನ ಹೆಸರು.

ತೋರಿಸಿ ನೋಡುವುದು

ಮೊದಲ ಕಟ್ ಆದ ಮೇಲೆ ಕಥೆ ಗೊತ್ತಿಲ್ಲದ ಕೆಲವರನ್ನು ಕೂರಿಸಿ ತೋರಿಸಿ. ಯೂನಿಟ್‌ನವರ ಮನೆಮಂದಿ ಬೇಡ. ಅರ್ಧಕ್ಕೆ ನಿಲ್ಲಿಸಿ, ಲೈಟ್ ಹಾಕಿ, ಒಂದು ಚೀಟಿಯಲ್ಲಿ ಎರಡೇ ಪ್ರಶ್ನೆ ಕೊಡಿ: ಈಗ ಯಾರ ಮೇಲೆ ಅನುಮಾನ, ಯಾವ ಸೀನ್‌ನಿಂದ. 'ಚೆನ್ನಾಗಿದೆಯಾ' ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಬರೆಯುತ್ತಾರೆ. ಎಲ್ಲ ಚೀಟಿಯಲ್ಲೂ ಒಂದೇ ಹೆಸರು ಬಂದರೆ ಎಲ್ಲೋ ಸುಳಿವು ಜಾಸ್ತಿಯಾಗಿದೆ. ನೀವು ಸುಳಿವೇ ಇಡದ ಸೀನ್ ಹೆಸರಿಸಿ ಅನುಮಾನ ಬರೆದಿದ್ದರೆ ಹಾಳೆ ತೆಗೆದು ನೋಡಿ, ಸಾಮಾನ್ಯವಾಗಿ ಅದು ಹಳೆಯ ನಿರ್ದೇಶಕರ ಕಾಲದ ಸೀನ್ ಆಗಿರುತ್ತದೆ, ಯಾರದೋ ಕಣ್ಣು ಎಲ್ಲೋ ಹೋಗಿ ಬಂದಿರುತ್ತದೆ. ಸೀನ್ ನಂಬರ್ ಬರೆದುಕೊಂಡು ಅವತ್ತು ಸಂಜೆಯೇ ಎಡಿಟರ್ ಹತ್ತಿರ ಹೋಗಿ.