ಬೇಸಿಗೆ ಸಂಜೆ, ಬಯಲಲ್ಲಿ ದೇಶಭಕ್ತಿ ಗೀತೆಗಳು: ಜನ ಕೂಡ ಹಾಡುವಂತೆ ಬ್ಯಾಂಡ್ ನುಡಿಸುವುದು ಹೇಗೆ

ಮಂಗಳೂರಿನ ನಮ್ಮ ಬಡಾವಣೆಯ ಬ್ಯಾಂಡ್‌ನಲ್ಲಿ ನಾನು ಸೈಡ್ ಡ್ರಮ್ ಬಾರಿಸುತ್ತೇನೆ. ನಾವು 22 ಜನ. ಬ್ಯಾಂಕಿನವರು, ರಿಕ್ಷಾ ಓಡಿಸುವವರು, ಕಾಲೇಜು ಮಕ್ಕಳು, ಮದುವೆ ಬ್ಯಾಂಡ್‌ಸೆಟ್‌ನ ಮೂವರು. ಪ್ರತಿ ಬೇಸಿಗೆಯಲ್ಲಿ ಒಂದು ಸಂಜೆ ಮೈದಾನದಲ್ಲಿ ದೇಶಭಕ್ತಿ ಗೀತೆಗಳನ್ನು ನುಡಿಸುತ್ತೇವೆ. ನಿಮ್ಮ ಊರಲ್ಲೂ ಮಾಡಬೇಕು ಅಂತ ಇದ್ದರೆ ಮೊದಲೇ ಒಂದು ಮಾತು ತೀರ್ಮಾನ ಮಾಡಿಕೊಳ್ಳಿ. ಜನ ಸುಮ್ನೆ ಕೂತು ಕೇಳಿ ಹೋಗಬೇಕಾ, ಕೂಡ ಹಾಡಬೇಕಾ? ನಮಗೆ ಹಾಡಬೇಕು. ಉಳಿದದ್ದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ದಿನ ಗೊತ್ತು ಮಾಡುವಾಗ ನಾವು ಏಪ್ರಿಲ್ 5ರ ಆಸುಪಾಸು ನೋಡುತ್ತೇವೆ. 1837ರ ಆ ದಿನ ಬ್ರಿಟಿಷರ ವಿರುದ್ಧ ಎದ್ದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಇಲ್ಲಿನ ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿತು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಕಲ್ಯಾಣಪ್ಪನ ಕಾಟಕಾಯಿ, ಅಂದರೆ ದಂಗೆ, ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಎರಡು ಹಾಡುಗಳ ನಡುವೆ ಒಬ್ಬ ಹುಡುಗಿ ಎದ್ದು ನಿಂತು ಇಷ್ಟನ್ನು ಹೇಳಿದರೆ ಸಾಕು, ಉದ್ದ ಭಾಷಣ ಬೇಡ.

ಕ್ಯಾಲೆಂಡರ್‌ನಲ್ಲಿ ಈಸ್ಟರ್ ಯಾವಾಗ ಅಂತಲೂ ನೋಡಿ. ಈಸ್ಟರ್ ಕಳೆದ ಕೂಡಲೇ ಕ್ರೈಸ್ತರ ಮದುವೆಗಳು ಶುರುವಾಗುತ್ತವೆ, ಆಮೇಲೆ ಬ್ಯಾಂಡ್‌ಸೆಟ್‌ನವರು ಕೈಗೆ ಸಿಗುವುದಿಲ್ಲ. ಅದರ ಹಿಂದಿನ ಪವಿತ್ರ ವಾರವಂತೂ ಬೇಡವೇ ಬೇಡ. ಹತ್ತಿರದಲ್ಲಿ ಅದೇ ಸಂಜೆ ಕೋಲವೋ ಯಕ್ಷಗಾನ ಬಯಲಾಟವೋ ಇದ್ದರೆ ನೀವೇ ದಿನ ಬದಲಿಸಿ. ಪೊಲೀಸ್ ಠಾಣೆಯ ಅನುಮತಿಗೆ ಮೊದಲೇ ಅರ್ಜಿ ಕೊಡಿ. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಒಳಗೆ ಮೈಕ್ ಹಾಕುವಂತಿಲ್ಲ, ರಾತ್ರಿ 10ರ ನಂತರ ಬಯಲಲ್ಲಿ ಎಲ್ಲೂ ಹಾಕುವಂತಿಲ್ಲ.

ಈಗ ಶ್ರುತಿ, ಅಂದರೆ ಹಾಡಿನ ‘ಸ’ ಎಷ್ಟು ಎತ್ತರದಲ್ಲಿರಬೇಕು ಅನ್ನುವುದು. ಇದರಲ್ಲೇ ನಾವು ಮೊದಲ ವರ್ಷ ಸೋತದ್ದು. ರಾಷ್ಟ್ರಗೀತೆಯನ್ನು ಇ ಫ್ಲ್ಯಾಟ್‌ನಲ್ಲಿ ಇಟ್ಟುಕೊಂಡೆವು. ಟ್ರಂಪೆಟ್ ಚೆನ್ನಾಗಿ ಮೊಳಗಿತು. ಆದರೆ ‘ಜಯ ಹೇ’ ಮೇಲಿನ ಷಡ್ಜಕ್ಕೆ (ಮೇಲಿನ ‘ಸ’ಗೆ) ಏರುತ್ತದೆ ಅಲ್ವಾ, ಅಲ್ಲಿಗೆ ಬಂದಾಗ ಮೈದಾನವೇ ಮೌನವಾಯಿತು. ಯಾರಿಗೂ ಅಷ್ಟು ಎತ್ತರಕ್ಕೆ ದನಿ ಎತ್ತಲು ಆಗಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಬಾಯಿ ತೆರೆದವರು ಹಾಗೇ ನಿಲ್ಲಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈಗ ಅದಕ್ಕಿಂತ ಕೆಳಗಿನ ಬಿ ಫ್ಲ್ಯಾಟ್‌ನಲ್ಲಿ ನುಡಿಸುತ್ತೇವೆ. ಈ ವಾದ್ಯಗಳಲ್ಲಿ ಬರೆದ ಸ್ವರ ಒಂದು, ಕೇಳುವ ಸ್ವರ ಇನ್ನೊಂದು; ಹಾಗಾಗಿ ಟ್ರಂಪೆಟ್, ಕ್ಲಾರಿನೆಟ್‌ನವರಿಗೆ ಅದು ಅವರ ಸಿ, ಆಲ್ಟೊ ಸ್ಯಾಕ್ಸೊಫೋನ್‌ನವರಿಗೆ ಜಿ. ಎಲ್ಲರಿಗೂ ಸುಲಭ.

ಸ್ಯಾಕ್ಸೊಫೋನ್ ಎಂದ ಮೇಲೆ ಒಂದು ಮಾತು ಹೇಳಲೇಬೇಕು. ಇದು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರ ನಾಡು. ನಮ್ಮಲ್ಲಿ ದೇವಸ್ಥಾನ, ಮದುವೆಗಳಲ್ಲಿ ನುಡಿಸಿ ಪಳಗಿದವರು ತುಂಬ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದಿ ಅಭ್ಯಾಸವಿಲ್ಲ. ಅದಕ್ಕಾಗಿ ಅವರನ್ನು ಬಿಡಬೇಡಿ. ಹಾಳೆಯ ಮೇಲೆ ‘ಸ ರಿ ಗ ಗ ಗ ಗ’ ಅಂತ ಬರೆದುಕೊಡಿ, ‘ಜನ ಗಣ ಮನ’ ಎರಡೇ ಸಲಕ್ಕೆ ಬಂದುಬಿಡುತ್ತದೆ. ನಾಡಗೀತೆಯ ಮುಖ್ಯ ಧಾಟಿಯನ್ನು ನಾವು ಅವರಿಗೇ ಬಿಡುತ್ತೇವೆ. ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಹಿಡಿಯಿರಿ. ಸರ್ಕಾರ ಒಪ್ಪಿದ್ದು ಅದನ್ನೇ, 2 ನಿಮಿಷ 30 ಸೆಕೆಂಡು. ನಡುವೆ ಕಾಲು ಕುಣಿಸುವ ಒಂದು ಮಾರ್ಚ್ ಬೇಕು. ಅದಕ್ಕೆ ರಾಮ್ ಸಿಂಗ್ ಠಾಕುರಿ ಆಜಾದ್ ಹಿಂದ್ ಫೌಜಿಗಾಗಿ ರಾಗ ಹಾಕಿದ ‘ಕದಂ ಕದಂ’ ಇಟ್ಟುಕೊಂಡಿದ್ದೇವೆ. ಒಟ್ಟು ಎಂಟು ಹಾಡು ಸಾಕು. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿ.

ಕೂರುವ ದಿಕ್ಕಿಗೆ ಗಮನ ಕೊಡಿ. ಸಂಜೆ ಗಾಳಿ ಕಡಲ ಕಡೆಯಿಂದ ಬರುತ್ತದೆ. ಬ್ಯಾಂಡಿನ ಬೆನ್ನು ಪಡುವಣಕ್ಕಿದ್ದರೆ ಗಾಳಿಯೇ ನಾದವನ್ನು ಜನರತ್ತ ಒಯ್ಯುತ್ತದೆ. ಆದರೆ ಜನರ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದು 6:40ರ ಸುಮಾರಿಗೆ, ಹಾಗಾಗಿ 7ಕ್ಕೆ ಶುರು ಮಾಡಿ. ಹಾಳೆಗಳಿಗೆ ಬಟ್ಟೆ ಕ್ಲಿಪ್, ತಲಾ ನಾಲ್ಕು. ವಾದ್ಯಗಳನ್ನು ಬಿಸಿಲಲ್ಲಿ ಇಡಬೇಡಿ. ಬಿಸಿಯಾದ ಹಿತ್ತಾಳೆಯ ಶ್ರುತಿ ಏರುತ್ತದೆ, ಮರದ ಕ್ಲಾರಿನೆಟ್ ಬಿರುಕು ಬಿಡಬಹುದು. ಹತ್ತು ನಿಮಿಷ ಊದಿ, ಆಮೇಲೆ ಅಲ್ಲೇ ಶ್ರುತಿ ಸೇರಿಸಿ. ಕುಡಿಯಲು ಬೊಂಡ (ಎಳನೀರು), ನೀರು ಇರಲಿ. ಪುನರ್ಪುಳಿ (ಕೋಕಂ) ಶರಬತ್ತು ಮಾತ್ರ ನುಡಿಸಿ ಮುಗಿದ ಮೇಲೆ, ಸಕ್ಕರೆ ವಾದ್ಯದ ಒಳಗೆ ಅಂಟುತ್ತದೆ. ಗುಡುಗು ಕೇಳಿದರೆ ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗಿ.

ಕೊನೆಗೆ ರಾಷ್ಟ್ರಗೀತೆ. ವಂದನಾರ್ಪಣೆಯೆಲ್ಲ ಅದಕ್ಕೆ ಮುಂಚೆಯೇ ಮುಗಿದಿರಲಿ. ಇಲ್ಲಿ ಡ್ರಮ್ಮಿನ ಕೆಲಸ ದೊಡ್ಡದು. ಬ್ಯಾಂಡ್ ನುಡಿಸುವಾಗ ಮೊದಲು ಡ್ರಮ್ ರೋಲ್ ಇರಬೇಕು ಅಂತ ನಿಯಮವೇ ಇದೆ, ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು. ಮೆಲ್ಲಗೆ ಶುರು, ಆದಷ್ಟು ಜೋರಿಗೆ ಏರಿಕೆ, ಮತ್ತೆ ಮೆಲ್ಲಗೆ ಇಳಿಕೆ, ಏಳನೆಯದರವರೆಗೂ ಕೇಳುತ್ತಿರಬೇಕು. ಆಮೇಲೆ ಒಂದು ಎಣಿಕೆ ಮೌನ. ಆ ಏಳು ಹೆಜ್ಜೆಯಲ್ಲಿ ಹಿರಿಯರು ಕುರ್ಚಿ ಹಿಡಿದು ಎದ್ದು ನಿಲ್ಲುತ್ತಾರೆ, ಮಕ್ಕಳು ಮಾತು ನಿಲ್ಲಿಸುತ್ತಾರೆ. ಆ ಮೌನದಲ್ಲಿ ಎಲ್ಲರೂ ಉಸಿರು ಎಳೆದುಕೊಳ್ಳುವುದು ನನಗೆ ಡ್ರಮ್ಮಿನ ಹಿಂದಿನಿಂದ ಕೇಳುತ್ತದೆ. ರೋಲನ್ನು ಅವಸರದಲ್ಲಿ ಮುಗಿಸಬೇಡಿ. ನಂತರದ್ದು 52 ಸೆಕೆಂಡು, ಅದನ್ನು ಎಳೆಯಲೂ ಬೇಡಿ. ಈಗ ನಮ್ಮ ಮೈದಾನದಲ್ಲಿ ‘ಜಯ ಹೇ’ ಬಂದಾಗ ಟ್ರಂಪೆಟ್‌ಗಿಂತ ಜನರ ದನಿಯೇ ಜಾಸ್ತಿ.

ಮನೆಗೆ ಹೋದ ಮೇಲೆ, ಎಷ್ಟೇ ದಣಿದಿದ್ದರೂ, ಅದೇ ರಾತ್ರಿ ವಾದ್ಯ ಒರೆಸಿಡಿ. ಉಪ್ಪು ಗಾಳಿ, ಬೆವರು ಎರಡೂ ಹಿತ್ತಾಳೆಗೆ ಆಗುವುದಿಲ್ಲ.